ಆಕಾಶದ ಕಣ್ಣೂ ನೆಲದ ಕಾವಲೂ

ಗುಡ್ಡದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿರಬೇಕೆಂದು ಊಹಿಸುವುದು ನಮ್ಮ ತರ್ಕಶಾಸ್ತ್ರದಲ್ಲಿ ಬಹು ಹಳೆಯ ಉದಾಹರಣೆ. ಗುರುಗಳು ಅದನ್ನು ತರಗತಿಯಲ್ಲಿ ವಿವರಿಸಿದ ದಿನ ನನಗೆ ಒಳಗೊಳಗೇ ನಗು ಬಂದಿತು. ನಮ್ಮ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೂ ಎಷ್ಟೋ ಬೇಸಿಗೆಗಳಲ್ಲಿ ಈ ಒಂದು ಊಹೆಯನ್ನೇ ನಂಬಿ ಕೂಲಿ ಗಳಿಸಿದವರು. ಅವರು ಕಾಡಿನ ಬೆಂಕಿ ಕಾವಲುಗಾರರು. ಜನವರಿಯಿಂದ ಮಳೆ ಬೀಳುವವರೆಗೆ ಗುಡ್ಡದ ನೆತ್ತಿಯ ಬಂಡೆಯ ಮೇಲೆ ಕುಳಿತು ನಾಲ್ಕು ದಿಕ್ಕಿಗೂ ಕಣ್ಣಿಡುವುದು, ಹೊಗೆಯೆದ್ದ ಕಡೆಗೆ ಸಂಗಡಿಗರೊಡನೆ ಓಡುವುದು, ಹಸಿ ಸೊಪ್ಪಿನ ಕೊಂಬೆಗಳಿಂದ ಬಡಿದು ಬೆಂಕಿಯನ್ನು ನಂದಿಸುವುದು, ಇದು ಅವರ ಕೆಲಸ. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯವರೆಗೆ ಬಂದ ಮೊದಲ ತಲೆ ನನ್ನದು. ಆ ತಲೆಗೆ ಹಾಸ್ಟೆಲಿನ ಊಟ, ಪುಸ್ತಕ, ಫೀಸು ಎಲ್ಲವೂ ಆ ಬಂಡೆಯ ಮೇಲಿನ ಕಾವಲಿನಿಂದಲೇ ಬಂದವು.

ಈ ವರ್ಷ ನಮ್ಮ ಚರ್ಚಾಕೂಟದಲ್ಲಿ ವಿಜ್ಞಾನವೂ ಗ್ರಾಮಜೀವನವೂ ಎಂಬ ವಿಷಯವಿತ್ತು. ಮಿತ್ರರೊಬ್ಬರು ಬಹು ಚೆನ್ನಾಗಿ ಮಾತನಾಡಿದರು. ಕಾಡ್ಗಿಚ್ಚಿನ ಹೊಗೆಯನ್ನೂ ಬಿರುಗಾಳಿಯ ಧೂಳನ್ನೂ ಉಪಗ್ರಹಗಳು ಆಕಾಶದಿಂದಲೇ ಪತ್ತೆ ಮಾಡುತ್ತಿರುವ ಈ ಕಾಲದಲ್ಲಿ ಗುಡ್ಡದ ಮೇಲೆ ಮನುಷ್ಯನನ್ನು ಕೂರಿಸುವುದು ಎತ್ತಿನ ಗಾಡಿಯ ಕಾಲದ ಪದ್ಧತಿಯೆಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ಎದ್ದು ನಿಂತೆ. ಆದರೆ ಉತ್ತರ ಹೊಳೆಯಲಿಲ್ಲ, ಕುಳಿತೆ. ಆ ಬಳಿಕ ಈ ವಿಷಯವನ್ನು ಕುರಿತು ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆ ದಿನ ಹೇಳಲಾಗದೆ ಉಳಿದ ಉತ್ತರವೇ ಈ ಲೇಖನ. ಮಿತ್ರರ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ.

ನಮ್ಮ ನೆತ್ತಿಯ ಮೇಲಿರುವ ಈ ಕಣ್ಣುಗಳು ಎರಡು ಬಗೆಯವು. ಮೊದಲನೆಯವು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೆ ತಾವೂ ತಿರುಗುತ್ತ ನಮಗೆ ಒಂದೇ ಕಡೆ ನಿಂತಂತಿರುವವು. 2016ರಲ್ಲಿ ಹಾರಿಸಿದ ಇನ್ಸಾಟ್-3ಡಿಆರ್, 2024ರ ಫೆಬ್ರವರಿಯಲ್ಲಿ ಹಾರಿಸಿದ ಇನ್ಸಾಟ್-3ಡಿಎಸ್ ಈ ಜಾತಿಯವು. ಇಂಥ ಉಪಗ್ರಹಗಳನ್ನು ಅಂಕೆಯಲ್ಲಿಟ್ಟು ನಡೆಸುವ ಮುಖ್ಯ ನಿಯಂತ್ರಣ ಕೇಂದ್ರವು ನಮ್ಮ ಹಾಸನದಲ್ಲಿದೆಯೆಂಬುದು ಕನ್ನಡಿಗರೆಲ್ಲರೂ ಹೆಮ್ಮೆಪಡತಕ್ಕ ಸಂಗತಿ. ಇವು ಅರ್ಧ ಗಂಟೆಗೊಮ್ಮೆ ಇಡೀ ದೇಶದ ಚಿತ್ರವನ್ನು ಕೊಡಬಲ್ಲವು. ಆದರೆ ಬಹು ದೂರದಿಂದ ನೋಡುವುದರಿಂದ ಇವುಗಳ ಶಾಖದ ಚಿತ್ರದಲ್ಲಿ ಒಂದು ಚುಕ್ಕೆಯೆಂದರೆ ಸುಮಾರು 4 ಕಿಲೋಮೀಟರ್ ಉದ್ದಗಲದ ನೆಲ. ಎರಡನೆಯವು ಏಳೆಂಟು ನೂರು ಕಿಲೋಮೀಟರ್ ಎತ್ತರದಲ್ಲಿ ಧ್ರುವದಿಂದ ಧ್ರುವಕ್ಕೆ ಸುತ್ತು ಹಾಕುವವು. ಅಮೆರಿಕದವರು 1999ರಲ್ಲಿ ಟೆರಾ, 2002ರಲ್ಲಿ ಆಕ್ವಾ, 2011ರಲ್ಲಿ ಸುವೋಮಿ ಎಂಬ ಉಪಗ್ರಹಗಳನ್ನು ಹಾರಿಸಿದರು. ಸುವೋಮಿಯಲ್ಲಿ ಇಟ್ಟಂಥ ಉಪಕರಣಕ್ಕೆ ಒಂದು ಚುಕ್ಕೆಯೆಂದರೆ 375 ಮೀಟರ್ ಉದ್ದಗಲ. ಅಂದರೆ ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 35 ಎಕರೆ. ಈ ಕಣ್ಣು ಸೂಕ್ಷ್ಮ, ಆದರೆ ಸದಾ ತೆರೆದಿರುವುದಿಲ್ಲ. ಒಂದೂರಿನ ಮೇಲೆ ಮಧ್ಯಾಹ್ನ ಒಂದೂವರೆಯ ಸುಮಾರಿಗೆ ಒಮ್ಮೆ, ನಡುರಾತ್ರಿ ಕಳೆದು ಒಂದೂವರೆಯ ಸುಮಾರಿಗೆ ಒಮ್ಮೆ ಹಾದುಹೋಗುತ್ತದೆ.

ಇವು ಬೆಂಕಿ, ಹೊಗೆ, ಧೂಳುಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಬಗೆಯು ಆಶ್ಚರ್ಯಕರವಾದುದು. ಬೆಂಕಿಯನ್ನು ಶಾಖದಿಂದ ತಿಳಿಯುತ್ತವೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳಲ್ಲಿ 4 ಮೈಕ್ರೋಮೀಟರ್ ಆಸುಪಾಸಿನವನ್ನು ಅಳೆದರೆ ಉರಿಯುವ ನೆಲವು ಸುತ್ತಲಿನ ನೆಲಕ್ಕಿಂತ ಎಷ್ಟೋ ಪಾಲು ಪ್ರಕಾಶವಾಗಿ ತೋರುತ್ತದೆ. 35 ಎಕರೆಯಲ್ಲಿ ಸ್ವಲ್ಪವೇ ಉರಿಯುತ್ತಿದ್ದರೂ ಚುಕ್ಕೆ ಮೂಡುತ್ತದೆ. ಹೊಗೆಯಾದರೋ ಸಾಮಾನ್ಯ ಬೆಳಕಿನಲ್ಲಿ ಬೂದು ಬಣ್ಣದ ಪಟ್ಟಿಯಾಗಿ ಕಾಣುತ್ತದೆ. ಬಿಸಿಲು ಓರೆಯಾಗಿರುವ ಬೆಳಿಗ್ಗೆ ಸಂಜೆಗಳಲ್ಲಿ ಇನ್ನೂ ಸ್ಪಷ್ಟ. ಅದರ ಕಣಗಳು ಅತಿ ಸಣ್ಣವಾದುದರಿಂದ ಶಾಖದ ಕಿರಣಗಳು ಅದನ್ನು ತೂರಿ ಬರುತ್ತವೆ. ಆದುದರಿಂದ ಹೊಗೆಯ ಅಡಿಯಲ್ಲಿರುವ ಬೆಂಕಿಯನ್ನೂ ಮೇಲಿನಿಂದ ಕಾಣಬಹುದು. ಧೂಳಿನ ಕಣಗಳು ದಪ್ಪ, ಕಲ್ಲುಮಣ್ಣಿನವು. 11 ಮತ್ತು 12 ಮೈಕ್ರೋಮೀಟರಿನ ಎರಡು ಕಿರಣಗಳಲ್ಲಿ ನೋಡಿದರೆ ಧೂಳು ಒಂದನ್ನು ಮತ್ತೊಂದಕ್ಕಿಂತ ಹೆಚ್ಚಾಗಿ ಹೀರುತ್ತದೆ. ಈ ವ್ಯತ್ಯಾಸಕ್ಕೆ ಬಣ್ಣ ಕೊಟ್ಟು ಬರೆದ ಚಿತ್ರದಲ್ಲಿ ಧೂಳು ಗುಲಾಬಿಯಾಗಿ ತೋರುತ್ತದೆ. ರಾತ್ರಿಯಲ್ಲಿಯೂ ಅದರ ಬೆನ್ನು ಹತ್ತಬಹುದು. ಮಂಜನ್ನು ಹೊಗೆಯೆಂದು ಭ್ರಮಿಸಿದರೆ ಊಹೆ ಕೆಡುತ್ತದೆಂಬುದನ್ನು ತರ್ಕದ ಪಾಠದಲ್ಲಿ ಕಲಿತಿದ್ದೆವು. ಧೂಳನ್ನು ಹೊಗೆಯೆಂದು ಭ್ರಮಿಸದಂತೆ ನೋಡಿಕೊಳ್ಳುವ ಉಪಾಯವಿದು.

ಇದರ ಪ್ರಯೋಜನಕ್ಕೆ ನಮ್ಮ ನಾಡಿನ ಒಂದು ನಿದರ್ಶನವೇ ಸಾಕು. 2019ರ ಫೆಬ್ರವರಿ ಕೊನೆಯ ವಾರದಲ್ಲಿ ಬಂಡೀಪುರದ ಕಾಡು ದಿನಗಟ್ಟಲೆ ಹೊತ್ತಿ ಉರಿಯಿತು. ನಾನಾಗ ಎಂಟನೆಯ ತರಗತಿಯಲ್ಲಿದ್ದೆ. ಒಣಗಿದ ಹುಲ್ಲು, ಲಂಟಾನದ ಪೊದೆ, ಜೋರು ಗಾಳಿ, ಇವು ಮೂರೂ ಕೂಡಿದ ಮೇಲೆ ಬೆಂಕಿ ರೇಖೆಗಳನ್ನೂ ದಾಟಿ ಉರಿ ಹಬ್ಬಿತು. ಕೊನೆಗೆ ವಾಯುಪಡೆಯ ಹೆಲಿಕಾಪ್ಟರುಗಳು ಬಂದು ನೀರು ಸುರಿದವು. ಎಷ್ಟು ಕಾಡು ಸುಟ್ಟಿತೆಂಬುದಕ್ಕೆ ಒಬ್ಬೊಬ್ಬರದು ಒಂದೊಂದು ಲೆಕ್ಕವಾಗಿತ್ತು. ಹಸುರೆಲೆಯು ಅವಕೆಂಪು ಕಿರಣವನ್ನು ಹೆಚ್ಚಾಗಿ ಹಿಂದಕ್ಕೆ ಕಳಿಸುತ್ತದೆ, ಸುಟ್ಟ ನೆಲ ಕಳಿಸುವುದಿಲ್ಲ. ಈ ಗುರುತನ್ನು ಹಿಡಿದು ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರವು ಉಪಗ್ರಹದ ಚಿತ್ರದಲ್ಲಿ ಅಳೆದಾಗ ಸುಟ್ಟ ನೆಲ 10,000 ಎಕರೆಗೂ ಮಿಗಿಲೆಂದು ಗೊತ್ತಾಯಿತು. ಇಷ್ಟು ದೊಡ್ಡ ಕಾಡನ್ನು ಸರಪಣಿ ಹಿಡಿದು ಅಳೆಯುವವರು ಯಾರು? ಇಲ್ಲಿ ಆಕಾಶದ ಕಣ್ಣು ಪಕ್ಷಪಾತವಿಲ್ಲದ ಸಾಕ್ಷಿಯಾಯಿತು.

ದೂರ ಹೋಗುವ ಹೊಗೆ, ಧೂಳುಗಳ ವಿಷಯದಲ್ಲಂತೂ ಇದನ್ನು ಬಿಟ್ಟರೆ ಬೇರೆ ಗತಿಯಿಲ್ಲ. 2019-20ರ ಬೇಸಿಗೆಯಲ್ಲಿ ಆಸ್ಟ್ರೇಲಿಯದ ಕಾಡುಗಳು ಉರಿದಾಗ ಅವುಗಳ ಹೊಗೆ ಪೆಸಿಫಿಕ್ ಸಾಗರವನ್ನು ದಾಟಿ ದಕ್ಷಿಣ ಅಮೆರಿಕವನ್ನು ಮುಟ್ಟಿತು; ಭೂಮಿಯನ್ನು ಸುತ್ತಿ ಮರಳಿ ಬಂದುದನ್ನೂ ಉಪಗ್ರಹಗಳು ಕಂಡವು. 2023ರ ಜೂನ್ 7ರಂದು ನ್ಯೂಯಾರ್ಕ್ ನಗರದ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. ಬೆಂಕಿಯಿದ್ದುದು ಕೆನಡಾದ ಕಾಡುಗಳಲ್ಲಿ. ಧೂಳಿನ ಕಥೆ ಇನ್ನೂ ವಿಚಿತ್ರ. 2007ರಿಂದ 2013ರವರೆಗಿನ ಉಪಗ್ರಹದ ಅಳತೆಗಳನ್ನು ಲೆಕ್ಕ ಹಾಕಿ 2015ರಲ್ಲಿ ವಿಜ್ಞಾನಿಗಳು ಪ್ರಕಟಿಸಿದಂತೆ, ಸಹಾರಾ ಮರುಭೂಮಿಯಿಂದ ವರ್ಷಕ್ಕೆ ಸರಾಸರಿ 182 ದಶಲಕ್ಷ ಟನ್ ಧೂಳು ಆಫ್ರಿಕದ ತೀರ ಬಿಟ್ಟು ಹೊರಡುತ್ತದೆ. ಅದರಲ್ಲಿ ಸುಮಾರು 27.7 ದಶಲಕ್ಷ ಟನ್ ಅಮೆಜಾನಿನ ಕಾಡಿನ ಮೇಲೆ ಬೀಳುತ್ತದೆ. ಆ ಧೂಳಿನಲ್ಲಿರುವ 22,000 ಟನ್ ರಂಜಕವು ಕಾಡಿಗೆ ಗೊಬ್ಬರವಾಗುತ್ತದೆ. ನಮಗೂ ಈ ಧೂಳಿನ ಸಂಬಂಧ ತಪ್ಪಿಲ್ಲ. ಮುಂಗಾರಿನ ತಿಂಗಳುಗಳಲ್ಲಿ ಅರಬ್ ದೇಶಗಳ ಧೂಳು ಅರಬ್ಬೀ ಸಮುದ್ರದ ಮೇಲೆ ಹಬ್ಬುತ್ತದೆ. ಅದು ಬಿಸಿಲನ್ನು ಹೀರಿ ಗಾಳಿಯನ್ನು ಕಾಯಿಸುವುದರಿಂದ ವಾರದೊಳಗೆ ಮಧ್ಯಭಾರತದ ಮಳೆ ಹೆಚ್ಚಬಹುದೆಂದು 2014ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತೋರಿಸಿತು. ಎಲ್ಲಿಯ ಮರಳು, ಎಲ್ಲಿಯ ಮಳೆ! ಯಾವ ಬಂಡೆಯ ಮೇಲೆ ಕುಳಿತರೂ ನಮ್ಮ ತಂದೆಯವರಿಗೆ ಇದು ಕಾಣುವಂಥದಲ್ಲ. ಇಲ್ಲಿಯವರೆಗೆ ಮಿತ್ರರ ಮಾತಿಗೆ ನನ್ನ ಒಪ್ಪಿಗೆಯಿದೆ.

ಇನ್ನು ಉಳಿದ ಅರ್ಧ.

ಡೆಹರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು 2004ರಿಂದಲೂ ಉಪಗ್ರಹಗಳು ಕಂಡ ಬೆಂಕಿಯ ಚುಕ್ಕೆಗಳನ್ನು ರಾಜ್ಯಗಳಿಗೆ ತಿಳಿಸುತ್ತ ಬಂದಿದೆ. ಹೆಸರು, ಫೋನ್ ನಂಬರು ಕೊಟ್ಟು ನೋಂದಾಯಿಸಿಕೊಂಡರೆ ಸಾಮಾನ್ಯ ಪ್ರಜೆಗೂ ಎಚ್ಚರಿಕೆ ಬರುತ್ತದೆ. ಚರ್ಚಾಕೂಟದ ಮಾತು ಮನಸ್ಸನ್ನು ಕೊರೆಯುತ್ತಿದ್ದುದರಿಂದ ನಾನೂ ನೋಂದಾಯಿಸಿಕೊಂಡೆ. ರಜೆಗೆ ಊರಿಗೆ ಹೋದಾಗ ಒಂದು ಬೆಳಗಿನ ಜಾವ ಸಂದೇಶ ಬಂದಿತು. ಅಕ್ಷಾಂಶ ರೇಖಾಂಶಗಳ ಅಂಕಿಗಳನ್ನು ನಕ್ಷೆಯಲ್ಲಿ ಹುಡುಕಿದಾಗ ಅದು ನಮ್ಮ ಗುಡ್ಡದ ಹಿಂಬದಿಯ ಕಣಿವೆ. ತಂದೆಯವರು ಕುಳಿತುಕೊಳ್ಳುವ ಬಂಡೆಗೆ ಆ ಕಣಿವೆ ಕಾಣುವುದಿಲ್ಲ; ಗಾಳಿ ಆಚೆಗೆ ಬೀಸುತ್ತಿದ್ದುದರಿಂದ ವಾಸನೆಯೂ ಬಂದಿರಲಿಲ್ಲ. ಅವರು ಸಂಗಡಿಗರನ್ನು ಎಬ್ಬಿಸಿಕೊಂಡು ಹೋಗಿ ಬಿಸಿಲೇರುವ ಮೊದಲೇ ಬೆಂಕಿಯನ್ನು ಕಟ್ಟಿದರು. ಹಿಂದಿರುಗಿ ಬಂದು ನನ್ನ ಫೋನನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಇನ್ನೊಂದು ದಿನ ಬಂದ ಚುಕ್ಕೆಯನ್ನು ನಂಬಿ ಅವರು ಸುಡುಬಿಸಿಲಿನಲ್ಲಿ ನಾಲ್ಕು ಮೈಲಿ ನಡೆದರು. ಅಲ್ಲಿ ಕಾಡಂಚಿನ ರೈತನೊಬ್ಬನು ತನ್ನ ಹೊಲದ ಕಬ್ಬಿನ ತರಗಿಗೆ ಬೆಂಕಿಯಿಟ್ಟು, ಬಿಂದಿಗೆಯಲ್ಲಿ ನೀರಿಟ್ಟುಕೊಂಡು ಪಕ್ಕದಲ್ಲೇ ಕುಳಿತಿದ್ದನು. ಅಂದು ಸಂಜೆ ತಂದೆಯವರು ನನ್ನನ್ನು ಕೇಳಿದರು: "ಅಷ್ಟು ಮೇಲಿಂದ ನೋಡೋನಿಗೆ ಬೆಂಕಿ ಕಾಣ್ತದೆ, ಸರಿ. ಯಾರ ಬೆಂಕಿ, ಏನಕ್ಕಿಟ್ಟ ಬೆಂಕಿ ಅಂತ ಗೊತ್ತಾಯ್ತದಾ?"

ಚರ್ಚಾಕೂಟದಲ್ಲಿ ನನಗೆ ಹೊಳೆಯದಿದ್ದ ಉತ್ತರ ಈ ಪ್ರಶ್ನೆಯಲ್ಲಿತ್ತು. ಮೇಲಿನ ಕಣ್ಣಿಗೆ ಕಾಣುವುದು ಚುಕ್ಕೆ. ಚುಕ್ಕೆಯ ಅರ್ಥ ತಿಳಿಯುವುದು ನೆಲದ ಮೇಲೆ. ಕಾಡು ಹಬ್ಬಿ ಉರಿಯದಿರಲೆಂದು ಬೇಸಿಗೆಗೆ ಮೊದಲೇ ಬೆಂಕಿ ರೇಖೆಗಳನ್ನು ಸುಡುತ್ತಾರೆ, ಅದೂ ಚುಕ್ಕೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ ನೆಲದ ತರಗೆಲೆ ಮಾತ್ರ ಸುಡುವಂಥ ಸಣ್ಣ ಬೆಂಕಿ ಇಡುತ್ತಿದ್ದರು. ತರಗು ಬೆಂಕಿಯೆಂದು ಅದಕ್ಕೆ ಹೆಸರು. ಅದು ನಿಂತುಹೋದ ಮೇಲೆ ಲಂಟಾನ ಹಬ್ಬಿ, ಈಗ ಬೆಂಕಿ ಬಿದ್ದರೆ ಮರದ ತಲೆಗೇ ಏರುತ್ತದೆಂದು ಅವರು ಹೇಳುತ್ತಾರೆ. ಕಾಡನ್ನು ಉಳಿಸುವ ಬೆಂಕಿಗೂ ಕಾಡನ್ನು ನುಂಗುವ ಬೆಂಕಿಗೂ ಚಿತ್ರದಲ್ಲಿ ಒಂದೇ ಗುರುತು. ಇಷ್ಟೇ ಅಲ್ಲ. ಮೋಡ ಕವಿದರೆ ಮೇಲಿನ ಕಣ್ಣು ಕುರುಡು. ದಟ್ಟ ಮರಗಳ ಅಡಿಯಲ್ಲಿ ನೆಲಕ್ಕಂಟಿ ಹರಿಯುವ ಬೆಂಕಿ ಅದಕ್ಕೆ ಎಷ್ಟೋ ಸಲ ತಪ್ಪುತ್ತದೆ. ಹೊಗೆ, ಧೂಳುಗಳನ್ನು ಅದು ಅಳೆಯುವುದು ನೆಲದಿಂದ ಆಕಾಶದವರೆಗಿನ ಇಡೀ ಗಾಳಿಯ ಕಂಬದಲ್ಲಿ; ಆ ಹೊಗೆ ಎರಡು ಮೈಲಿ ಮೇಲೆ ತೇಲುತ್ತಿದೆಯೋ, ನಮ್ಮ ತಾಯಂದಿರ ಮೂಗಿಗೆ ಬರುತ್ತಿದೆಯೋ ಎಂಬುದನ್ನು ತಿಳಿಯಲು ನೆಲದ ಮೇಲೆ ಅಳೆಯುವ ಯಂತ್ರವೂ ಕೆಮ್ಮುವ ಮನುಷ್ಯನ ಮಾತೂ ಬೇಕು.

ಇದಕ್ಕಿಂತ ಗಂಭೀರವಾದ ಇನ್ನೊಂದು ವಿಷಯವಿದೆ. ನೋಡುವ ಕಣ್ಣು ಯಾರ ಪರವಾಗಿ ನೋಡುತ್ತದೆ? ಪಂಜಾಬಿನಲ್ಲಿ ಭತ್ತದ ಕೊಯ್ಲಾದ ಮೇಲೆ, ಅಕ್ಟೋಬರ್ ನವೆಂಬರ್ ತಿಂಗಳುಗಳಲ್ಲಿ, ರೈತರು ಕೂಳೆಗೆ ಬೆಂಕಿ ಇಡುತ್ತಾರೆ. ಅಂತರ್ಜಲವನ್ನು ಉಳಿಸುವುದಕ್ಕಾಗಿ 2009ರ ಕಾಯಿದೆಯು ನಾಟಿಯನ್ನು ಮುಂದಕ್ಕೆ ಹಾಕಿತು. ಹೀಗಾಗಿ ಭತ್ತದ ಕೊಯ್ಲಿಗೂ ಗೋಧಿಯ ಬಿತ್ತನೆಗೂ ನಡುವೆ ಕೆಲವೇ ವಾರಗಳು ಉಳಿದವು. ಕೊಯ್ಲಿನ ಯಂತ್ರ ಬಿಟ್ಟುಹೋದ ಕೂಳೆಯನ್ನು ಆ ಅವಧಿಯಲ್ಲಿ ತೆಗೆಯುವ ಶಕ್ತಿ ಸಣ್ಣ ರೈತನಿಗಿಲ್ಲ. ಸರ್ಕಾರವು ಉಪಗ್ರಹದ ಚುಕ್ಕೆಗಳನ್ನು ಎಣಿಸಿ ದಂಡ ಹಾಕತೊಡಗಿತು. ವರ್ಷದಿಂದ ವರ್ಷಕ್ಕೆ ಚುಕ್ಕೆಗಳು ಕಡಮೆಯಾದವು. ಆದರೆ ಗಾಳಿಯಲ್ಲಿನ ಹೊಗೆ ಅದಕ್ಕೆ ತಕ್ಕಂತೆ ಇಳಿಯಲಿಲ್ಲ. 2024ರಲ್ಲಿ ನಾಸಾದ ವಿಜ್ಞಾನಿಯೊಬ್ಬರು ಹತ್ತು ನಿಮಿಷಕ್ಕೊಮ್ಮೆ ಚಿತ್ರ ತೆಗೆಯುವ ಕೊರಿಯಾ ದೇಶದ ಉಪಗ್ರಹವನ್ನು ಪರಿಶೀಲಿಸಿದಾಗ ಕಾರಣದ ಸುಳಿವು ಸಿಕ್ಕಿತು: ಒಂದೂವರೆಯ ಹೊತ್ತಿನ ಉಪಗ್ರಹ ಹಾದುಹೋದ ಮೇಲೆ, ಇಳಿಹೊತ್ತಿನಲ್ಲಿ, ಬೆಂಕಿಗಳು ಏಳುತ್ತಿದ್ದವು.

ಇದನ್ನು ಓದಿ ರೈತನನ್ನು ಕಳ್ಳನೆಂದು ಬೈಯುವುದು ಸುಲಭ. ನನಗೆ ಹಾಗೆನಿಸುವುದಿಲ್ಲ. ಕೂಳೆಯನ್ನು ತೆಗೆಯಲು ಸಮಯದಲ್ಲಿ ಯಂತ್ರ ಸಿಗದವನಿಗೆ, ಬಾಡಿಗೆ ಕೊಡಲು ಹಣವಿಲ್ಲದವನಿಗೆ, ಮೇಲಿನಿಂದ ದಂಡ ಮಾತ್ರ ಇಳಿದು ಬಂದರೆ ಅವನು ಕಣ್ಣು ತಪ್ಪಿಸುವುದನ್ನು ಕಲಿಯುತ್ತಾನೆ. ಹಾಗೆಂದು ದೆಹಲಿಯ ಮಕ್ಕಳು ಹೊಗೆ ಕುಡಿಯಲಿ ಎಂದು ನಾನು ಹೇಳುತ್ತಿಲ್ಲ. ಆ ಹೊಗೆ ಮೊದಲು ಕುಡಿಯುವವರು ರೈತನ ಮನೆಯ ಮಕ್ಕಳೇ. ನಾನು ಹೇಳುವುದಿಷ್ಟು: ಯಾವ ಊರಿನಲ್ಲಿ ಚುಕ್ಕೆಗಳು ಹೆಚ್ಚೋ ಆ ಊರಿಗೆ ಮುಂದಿನ ವರ್ಷ ಮೊದಲು ಹೋಗಬೇಕಾದುದು ಯಂತ್ರ, ಆಮೇಲೆ ದಂಡ. ಅದೇ ಚಿತ್ರವು ದಾರಿ ತೋರಿಸುವ ದೀಪವೂ ಆಗಬಹುದು, ಬಡಿಯುವ ಕೋಲೂ ಆಗಬಹುದು. ನಮ್ಮ ನಾಡಿನಲ್ಲಿಯೂ ಕಾಡಂಚಿನ ಊರುಗಳ ಮೇಲೆ ಬೆಂಕಿಯ ಆರೋಪ ಬರುವುದು ಹೊಸದೇನಲ್ಲ. ಚಿತ್ರವನ್ನು ಓದಬಲ್ಲವರು ನಮ್ಮವರಲ್ಲಿಯೇ ಇಲ್ಲದಿದ್ದರೆ ಅದು ಯಾವಾಗಲೂ ನಮ್ಮ ವಿರುದ್ಧದ ಸಾಕ್ಷಿಯಾಗಿಯೇ ಉಳಿಯುತ್ತದೆ.

ಆದುದರಿಂದ ನನ್ನ ಅಭಿಪ್ರಾಯವನ್ನು ಮೂರು ಮಾತಿನಲ್ಲಿ ಹೇಳುತ್ತೇನೆ. ಮೊದಲನೆಯದಾಗಿ, ಎಚ್ಚರಿಕೆಯು ಬಂಡೆಯ ಮೇಲೆ ಕುಳಿತವನಿಗೆ ಅವನ ಭಾಷೆಯಲ್ಲಿ ತಲುಪಬೇಕು. ಅಕ್ಷಾಂಶ ರೇಖಾಂಶಗಳ ಅಂಕಿ ಅವನಿಗೆ ಬೇಡ. ಇಂಥ ಹಳ್ಳದ ಮೂಡಲಿಗೆ, ಇಂಥ ಗುಡ್ಡದ ಬೆನ್ನಿಗೆ ಎಂದು ಕನ್ನಡದಲ್ಲಿ ಹೇಳಿದರೆ ಅವನು ಕತ್ತಲಲ್ಲಿಯೂ ಹೋಗಿ ಮುಟ್ಟುತ್ತಾನೆ. ಎರಡನೆಯದಾಗಿ, ಕಣ್ಣಿಗಾಗಿ ಕೋಟಿಗಟ್ಟಲೆ ವೆಚ್ಚ ಮಾಡುವ ನಾವು ಕೈಯನ್ನು ಮರೆಯಬಾರದು. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿಯೂ 2023ರ ಫೆಬ್ರವರಿಯಲ್ಲಿ ಸಕಲೇಶಪುರದ ಕಡೆಯೂ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ತೆತ್ತರು. ಹೊಗೆಯ ಪಟ್ಟಿ ಯಾವ ಕಡೆ ವಾಲುತ್ತಿದೆಯೆಂಬ ಚಿತ್ರವು ಗಾಳಿಯ ದಿಕ್ಕನ್ನು ಹೇಳುತ್ತದೆ. ಅದು ನಂದಿಸುವವರ ಕೈಗೆ ಹೊತ್ತಿಗೆ ಸರಿಯಾಗಿ ಸಿಕ್ಕರೆ ಜೀವ ಉಳಿಸಬಹುದು. ಕಾವಲುಗಾರನಿಗೆ ಗಟ್ಟಿಯಾದ ಬೂಟು, ಕುಡಿಯುವ ನೀರು, ತಡವಿಲ್ಲದ ಕೂಲಿ, ವಿಮೆ ಇಷ್ಟನ್ನಾದರೂ ಉಪಗ್ರಹದ ಲೆಕ್ಕದಲ್ಲಿಯೇ ಸೇರಿಸಿಕೊಳ್ಳಬೇಕು.

ಮೂರನೆಯದು ನಮ್ಮ ಕಾಲೇಜಿಗೆ ಸೇರಿದ್ದು. ಕಲಾ ವಿಭಾಗದವರಿಗೆ ಉಪಗ್ರಹದ ಗೊಡವೆಯೇಕೆಂದು ಕೆಲವರು ಕೇಳಬಹುದು. ಉಪಗ್ರಹವನ್ನು ಕಟ್ಟುವುದು ಎಂಜಿನಿಯರರ ಕೆಲಸ, ನಿಜ. ಆದರೆ ಅದು ಕಂಡದ್ದನ್ನು ಊರಿನ ಹೆಸರು, ಹಳ್ಳದ ಹೆಸರು, ಜನರ ಕಷ್ಟಸುಖಗಳೊಡನೆ ಕೂಡಿಸಿ ಓದುವುದು ಭೂಗೋಳ, ಇತಿಹಾಸ, ಕನ್ನಡಗಳನ್ನು ಓದಿದವರ ಕೆಲಸ. ಈ ಚಿತ್ರಗಳಲ್ಲಿ ಬಹುಪಾಲು ಎಲ್ಲರಿಗೂ ಬಿಟ್ಟಿಯಾಗಿ ದೊರೆಯುತ್ತವೆ. ಜನವರಿಯಿಂದ ಮೇ ವರೆಗೆ ಭೂಗೋಳ ವಿಭಾಗದ ಮುಂದಿನ ಫಲಕದ ಮೇಲೆ ಪ್ರತಿದಿನ ನಮ್ಮ ಜಿಲ್ಲೆಯ ಚುಕ್ಕೆಗಳ ನಕ್ಷೆಯನ್ನೂ, ಧೂಳು ಎದ್ದ ದಿನಗಳಲ್ಲಿ ಆ ಗುಲಾಬಿ ಬಣ್ಣದ ಚಿತ್ರವನ್ನೂ ಹಾಕಿ ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು ಬರೆಯೋಣ. ನಮ್ಮಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಬಸ್ಸಿನಲ್ಲಿ ಹಳ್ಳಿಗಳಿಂದ ಬರುವವರು. ಚುಕ್ಕೆ ಬಿದ್ದ ಊರಿನವರು ಮರುದಿನ ಬಂದು ಅದು ಯಾವ ಬೆಂಕಿ, ಏಕೆ ಇಟ್ಟದ್ದು ಎಂದು ಅದರ ಪಕ್ಕದಲ್ಲಿ ಬರೆಯಲಿ. ಐದು ವರ್ಷ ಹೀಗೆ ನಡೆದರೆ ನಮ್ಮ ಜಿಲ್ಲೆಯ ಬೆಂಕಿಯ ಕುರಿತು ಬೇರೆಲ್ಲಿಯೂ ಸಿಗದ ಒಂದು ಗ್ರಂಥ ನಮ್ಮ ಗ್ರಂಥಾಲಯದಲ್ಲಿರುತ್ತದೆ. ಇದಕ್ಕೆ ಹಣ ಬೇಡ; ಗುರುವೃಂದದ ಒಪ್ಪಿಗೆ ಬೇಕು, ದಿನಕ್ಕೆ ಅರ್ಧ ಗಂಟೆ ಬಿಡುವು ಮಾಡಿಕೊಳ್ಳುವ ಇಬ್ಬರು ವಿದ್ಯಾರ್ಥಿಗಳು ಬೇಕು.

ನಾನು ಈ ವರ್ಷ ಕಾಲೇಜು ಬಿಡುತ್ತೇನೆ. ಮುಂದಿನ ಬೇಸಿಗೆಯ ಚಿತ್ರಗಳನ್ನು ಹಾಕುವವರು ಈ ಲೇಖನವನ್ನು ಓದುತ್ತಿರುವ ಕಿರಿಯರು. ಚರ್ಚಾಕೂಟದಲ್ಲಿ ಮಾತನಾಡಿದ ಮಿತ್ರರೂ ಕೈಗೂಡಿಸಬೇಕೆಂದು ಬೇಡುತ್ತೇನೆ. ಅವರಿಗೆ ಯಂತ್ರಗಳಲ್ಲಿ ನನಗಿಂತ ಹೆಚ್ಚಿನ ಆಸಕ್ತಿಯಿದೆ. ಒಂದು ದಿನ ಅವರನ್ನು ನಮ್ಮೂರಿಗೆ ಕರೆದುಕೊಂಡು ಹೋಗಿ ತಂದೆಯವರ ಬಂಡೆಯ ಮೇಲೆ ಕೂರಿಸಬೇಕೆಂಬ ಆಸೆಯೂ ನನಗಿದೆ. ಅಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತದೆ. ನೆತ್ತಿಯ ಮೇಲಿನ ಕಣ್ಣು ಕಂಡದ್ದನ್ನೂ ಕೆಳಗಿನ ಕಾವಲು ಕಂಡದ್ದನ್ನೂ ಅಲ್ಲಿಯೇ ಒಟ್ಟಿಗೆ ನೋಡಬಹುದು.

– ಅಂತಿಮ ಬಿ.ಎ.